ಕೂಟಗಲ್ ರಸ್ತೆಯ ಹನ್ನೆರಡು ಸೆಕೆಂಡು

ರ‍್ಯಾಲಿ ಮುಗಿಸಿ ಬಂದ ಕಾರಿನ ಸುತ್ತ ಜನ ಸೇರಿ ಚಾಲಕನ ಕೈ ಕುಲುಕುತ್ತಿದ್ದರೆ ಮೇಸ್ತ್ರಿ ಮಾತ್ರ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೂಗನ್ನು ಹತ್ತಿರ ಒಯ್ಯುತ್ತಿದ್ದರು. ಬ್ರೇಕಿನ ವಾಸನೆ ನೋಡುತ್ತಿದ್ದರು. ಆಮೇಲೆ ಬಾನೆಟ್ ಎತ್ತಿಸಿ ಕ್ಲಚ್ಚಿನ ವಾಸನೆ. ಚಾಲಕನ ಮುಖ ನೋಡುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ.

“ಮೊಕದಲ್ಲಿ ಏನ್ ಗೊತ್ತಾಯ್ತದೆ ಸಾರ್? ಮೊಕದಲ್ಲಿ ಎಲ್ರೂ ಗೆದ್ದಿರ್ತಾರೆ. ಸುಟ್ಟಿರೋದು ಏನು ಅಂತ ನೋಡ್ಬೇಕು.”

ಇದನ್ನು ನಾನು ಕಣ್ಣಾರೆ ನೋಡಿದ್ದು ಒಂದೇ ಸಲ. ಉಳಿದದ್ದೆಲ್ಲ ಅವರ ಬಾಯಿಂದ ಕೇಳಿದ್ದು. ಆದರೂ ನೆನೆಸಿಕೊಂಡಾಗ ಎಲ್ಲ ರ‍್ಯಾಲಿಗಳಲ್ಲೂ ನಾನು ಅವರ ಬೆನ್ನ ಹಿಂದೆ ನಿಂತಿರುತ್ತೇನೆ, ನಾನು ಹುಟ್ಟುವ ಮೊದಲು ನಡೆದ ರ‍್ಯಾಲಿಯಲ್ಲೂ. ನನ್ನ ನೆನಪು ಇಂಥದ್ದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನಿಗೆ ಅಳತೆಯ ದೋಷದ ಬಗ್ಗೆ ಒಂದು ಇಡೀ ಪಾಠ ಇರುತ್ತದೆ. ಅಳೆಯುವವನ ತಲೆಯ ದೋಷದ ಬಗ್ಗೆ ಯಾರೂ ಪಾಠ ಮಾಡಲಿಲ್ಲ.

ಮಾಗಡಿಯಲ್ಲಿ, ರಾಮನಗರದ ರಸ್ತೆಯ ಬದಿಗೆ ಅವರ ಗ್ಯಾರೇಜು. ತಗಡಿನ ಶೆಡ್ಡು, ಮುಂದೊಂದು ಹೊಂಗೆಮರ. ಬೋರ್ಡಿನ ಮೇಲೆ ಹೆಸರಿರಲಿಲ್ಲ. ಊರಿನವರಿಗೆ ಅವರು ಮೇಸ್ತ್ರಿ. ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ತಾನು ಗಾಡಿ ಕಟ್ಟಿಕೊಟ್ಟಿದ್ದ ಚಾಲಕ ಪುಟ್ಟಣ್ಣನ ಹೆಸರಿರುವ ಯಾವ ಕಾಗದದಲ್ಲೂ ತನ್ನ ಹೆಸರು ಬೇಡ ಎಂದು ಅವರೇ ಒಮ್ಮೆ ಹೇಳಿದ್ದರು. “ಓಡ್ಸಿದೋನು ಅವ್ನು. ನಾನು ನಟ್ಟು ಬಿಗಿ ಮಾಡ್ದೋನು.”

ನಾನು ಆಗ ರಾಮನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅಲ್ಲಿ ಪಾಠದ ಗಂಟೆಗಳು ಸಾಲದೆ ವಾರಕ್ಕೆ ಎರಡು ದಿನ ಮಾಗಡಿಯ ಕಾಲೇಜಿಗೂ ಸ್ಕೂಟರಿನಲ್ಲಿ ಬರುತ್ತಿದ್ದೆ. ಒಂದು ದಿನ ಅವರ ಹೊಂಗೆಮರದ ಎದುರಿಗೇ ಸ್ಕೂಟರು ನಿಂತುಹೋಯಿತು. ಅವರು ಪ್ಲಗ್ಗು ಬಿಚ್ಚುತ್ತ ಕೇಳಿದರು:

“ಏನು ಪಾಠ ಮಾಡ್ತೀರಿ ಸಾರ್?”

“ಫಿಸಿಕ್ಸ್.”

“ಅಂದ್ರೆ?”

“ವಸ್ತುಗಳು ಹೇಗೆ ಚಲಿಸ್ತವೆ, ಯಾಕೆ ಚಲಿಸ್ತವೆ ಅನ್ನೋದು.”

ಅವರು ಸ್ಕೂಟರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. “ಮತ್ತೆ ನಿಮ್ದು ಯಾಕೆ ಚಲಿಸ್ತಿಲ್ಲ?”

ಅಂದಿನಿಂದ ಸ್ಕೂಟರು ಸರಿಯಿದ್ದರೂ ನಾನು ಅಲ್ಲಿ ನಿಲ್ಲುತ್ತಿದ್ದೆ.

ಬಿಡದಿ ಕಡೆ ಕಾರಿನ ಕಾರ್ಖಾನೆ ಬಂದು ಕೆಲವು ವರ್ಷಗಳಾಗಿದ್ದವು. ಅದರ ಸುತ್ತ ಸಣ್ಣ ಸಣ್ಣ ಕಾರ್ಖಾನೆಗಳು ಏಳುತ್ತಿದ್ದವು. ರಾಗಿ ಹೊಲಗಳ ಮಧ್ಯೆ ತಂತಿ ಬೇಲಿ ಬಿದ್ದಿತ್ತು. ಕಲ್ಲುಗಣಿಯ ಟಿಪ್ಪರುಗಳು ಹಗಲಿಡೀ ಓಡಾಡಿ ಒಳರಸ್ತೆಗಳನ್ನೆಲ್ಲ ಕಿತ್ತುಹಾಕಿದ್ದವು. ಭಾನುವಾರ ಬಂದರೆ ಕಾರ್ಖಾನೆಯ ಹುಡುಗರು ಕಂಪನಿಯ ಅಂಗಿ ತೊಟ್ಟುಕೊಂಡೇ ಬೈಕು ರಿಪೇರಿಗೆ ಬಂದು ಹೊಂಗೆಮರದಡಿ ಕೂರುತ್ತಿದ್ದರು. ಟೀವಿಯಲ್ಲಿ ಹೊರದೇಶದ ಕಾರ್ ರೇಸುಗಳನ್ನು ನೋಡಿ ಬಂದ ಹುಡುಗರು. ಪ್ರಪಂಚದಲ್ಲಿ ಯಾರು ದೊಡ್ಡ ಚಾಲಕ ಎನ್ನುವುದು ಅವರಿಗೆ ಬಗೆಹರಿದ ವಿಷಯ.

ಮೇಸ್ತ್ರಿಗೂ ಅದು ಬಗೆಹರಿದ ವಿಷಯವೇ. ಶೆಡ್ಡಿನ ಒಳಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಎರಡು ಹೆಸರು ಬರೆದಿತ್ತು, ಎದುರಿಗೆ ಸಮಯ. ಕೂಟಗಲ್ ಆಚೆಯ ಮಾರಮ್ಮನ ಗುಡಿಯಿಂದ ಮಾಗಡಿ ಕಡೆಯ ಕೆರೆ ಏರಿಯವರೆಗಿನ ಮಣ್ಣುರಸ್ತೆಯನ್ನು ರ‍್ಯಾಲಿಯಲ್ಲಿ ಯಾರು ಎಷ್ಟು ಹೊತ್ತಿನಲ್ಲಿ ದಾಟಿದರು ಎಂಬ ಲೆಕ್ಕ. ಮೇಲೆ ಪುಟ್ಟಣ್ಣ, ಆರು ನಿಮಿಷ ನಲವತ್ತೊಂದು ಸೆಕೆಂಡು. ಕೆಳಗೆ ಅವನಿಗಿಂತ ಹದಿನೈದು ವರ್ಷ ಆಮೇಲೆ ಬಂದ ಒಬ್ಬ ಎಸ್ಟೇಟಿನ ಸಾಹುಕಾರ, ಏಳು ನಿಮಿಷ ಎರಡು ಸೆಕೆಂಡು. ಪುಟ್ಟಣ್ಣ ಕೆಂಪಾಪುರದವನು, ಲಾರಿ ಡ್ರೈವರು. ಬೆಂಗಳೂರಿನ ಯಾರೋ ಕೊಟ್ಟ ಹಳೆಯ ಕಾರಿಗೆ ಮೇಸ್ತ್ರಿ ಎಂಜಿನ್ ಕಟ್ಟಿಕೊಟ್ಟ ಮೇಲೆ ಅದರಲ್ಲಿ ನಾಲ್ಕೈದು ವರ್ಷ ರ‍್ಯಾಲಿ ಓಡಿಸಿ, ಮತ್ತೆ ಲಾರಿಗೇ ಹೋದವನು. ನಾನು ಮೇಸ್ತ್ರಿಯನ್ನು ಕಾಣುವ ಹೊತ್ತಿಗೆ ಅವನು ಕಾಯಿಲೆಯಾಗಿ ತೀರಿಕೊಂಡು ಬಹಳ ಕಾಲವಾಗಿತ್ತು.

“ಮೇಸ್ತ್ರಿ, ನಿಮ್ ಪುಟ್ಟಣ್ಣನ್ನ ಟೀವಿ ರೇಸಿಗೆ ಬುಟ್ರೆ ಮೊದಲ್ನೇ ತಿರುವಲ್ಲೇ ಬೇಲಿಗೆ ಮಡಗ್ತಾನೆ,” ಅನ್ನುವನು ಒಬ್ಬ ಹುಡುಗ.

“ಮಡಗ್ಲಿ ಬುಡ್ಲಾ. ನಿಮ್ ಟೀವಿಯೋನ್ನ ಕೂಟಗಲ್ ರಸ್ತೆಗೆ ಕರ್ಕಂಡ್ ಬಾ. ಎಮ್ಮೆ ಅಡ್ಡ ಬಂದಾಗ ಏನ್ ಮಾಡ್ತಾನೆ ಕೇಳು. ಅಲ್ಲಿ ಬಾವುಟ ತೋರ್ಸೋಕೆ ಆಳ್ ಇಕ್ಕಿರ್ತಾರೆ, ಇಲ್ಲಿ ಎಮ್ಮೆಗೆ ಬಾವುಟ ತೋರ್ಸ್ತೀಯಾ?”

“ಅವನ ಸ್ಪೀಡೇ ಬೇರೆ ಮೇಸ್ತ್ರಿ.”

“ಅವನ ಗಾಡಿ ಸ್ಪೀಡು. ಗಾಡಿ ಕಳಿ. ರೋಡು ಕಳಿ. ಆಮೇಲೆ ಉಳೀತದಲ್ಲ, ಅದು ಆಳು. ನಿನ್ನವನಲ್ಲಿ ಏನ್ ಉಳೀತು ಹೇಳು.”

ಬೇರೆ ಬೇರೆ ಕಾಲದ ಚಾಲಕರನ್ನು ಹೋಲಿಸುವುದಕ್ಕೆ ಅವರಲ್ಲಿದ್ದ ಸೂತ್ರ ಇದೊಂದೇ. ಗಾಡಿಯನ್ನೂ ರಸ್ತೆಯನ್ನೂ ಕಳೆಯುವುದು ಹೇಗೆ, ಎಷ್ಟು ಕಳೆಯಬೇಕು ಎಂದು ನಾನು ಕೆಣಕುತ್ತಿದ್ದೆ. ಟೈರು ಬೇರೆ, ಎಂಜಿನ್ನು ಬೇರೆ, ಮಳೆ ಬಂದ ವರ್ಷ ಬೇರೆ, ಬರದ ವರ್ಷ ಬೇರೆ. ಎರಡು ಕಾಲಗಳ ಚಾಲಕರನ್ನು ಹೋಲಿಸುವುದೇ ಅರ್ಥವಿಲ್ಲದ ಮಾತು ಎಂದು ವಾದಿಸುತ್ತಿದ್ದೆ. ಅವರು ಕೋಪಿಸಿಕೊಳ್ಳುತ್ತಿರಲಿಲ್ಲ. “ಅದ್ಕೇ ಸಾರ್ ಒಂದೇ ರಸ್ತೆ ಇಟ್ಕಂಡಿರೋದು. ಊರೂರು ರಸ್ತೆ ಇಟ್ಕಂಡ್ರೆ ನಿಮ್ಮಂಥೋರು ಬುಟ್ಟಾರಾ?” ಎಂದು ನಗುತ್ತಿದ್ದರು.

ನ್ಯಾಯ ಮಾತ್ರ ಬಹಳ ಇತ್ತು ಅವರಲ್ಲಿ. ಎಸ್ಟೇಟಿನ ಸಾಹುಕಾರನ ಬಗ್ಗೆ, “ಸೊಗಸಾಗಿ ಓಡ್ಸೋನು, ನೋಡೋಕೆ ಎರಡು ಕಣ್ಣು ಸಾಲ್ದು. ಆದ್ರೆ ಗೇರ್‌ಬಾಕ್ಸ್ ತಿಂತಿದ್ದ. ಮನೆಗೆ ಬರೋ ಹೊತ್ತಿಗೆ ಗಾಡಿ ಅಳೋದು” ಅನ್ನುತ್ತಿದ್ದರು. ಪುಟ್ಟಣ್ಣನಿಗೂ ಒಂದು ದೋಷ ಹೇಳುತ್ತಿದ್ದರು: ಇಳಿಜಾರಿನಲ್ಲಿ ಅವನಿಗೆ ಒಳಗೊಳಗೇ ಪುಕ್ಕಲು, ಲಾರಿ ಓಡಿಸಿದ ಕಾಲು, ಲೋಡು ಹಿಂದಿನಿಂದ ನೂಕುತ್ತದೆ ಎಂದೇ ಅದಕ್ಕೆ ನಂಬಿಕೆ.

ಅವರ ಒಂದು ಆಟ ನನಗೆ ಅಚ್ಚರಿ ಹುಟ್ಟಿಸುತ್ತಿತ್ತು. ಕೈಯನ್ನು ಹತ್ತಿಯ ವೇಸ್ಟಿನಲ್ಲಿ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಆ ರಸ್ತೆಯನ್ನು ಗಾಳಿಯಲ್ಲಿ ಓಡಿಸುವುದು. “ಗುಡಿ. ಎರಡನೇ ಗೇರು. ಹುಣಸೆಮರ, ಬಲಕ್ಕೆ, ಒಸಿ ಬುಡು, ಈಗ ಹಾಕು. ಹಳ್ಳ. ಹಳ್ಳದಲ್ಲಿ ಬ್ರೇಕ್ ಮುಟ್ಬೇಡ.” ಪುಟ್ಟಣ್ಣನಂತೆ ಓಡಿಸುವಾಗ ಭುಜ ಅಲುಗುತ್ತಲೇ ಇರಲಿಲ್ಲ. ಸಾಹುಕಾರನಂತೆ ಓಡಿಸುವಾಗ ಮೊಣಕೈ ಎರಡೂ ರೆಕ್ಕೆಯಂತೆ ಮೇಲೇಳುತ್ತಿದ್ದವು, ಹುಡುಗರು ನಗುತ್ತಿದ್ದರು. ಒಮ್ಮೆ ನಾನು ವಾಚು ಹಿಡಿದು ಕೂತಿದ್ದೆ. ಪುಟ್ಟಣ್ಣನ ಓಟ ಮುಗಿದಾಗ ಸರಿಯಾಗಿ ಆರು ನಿಮಿಷ ನಲವತ್ತೊಂದು ಸೆಕೆಂಡು ಆಗಿತ್ತು. ಹೀಗೆಂದು ನನ್ನ ನೆನಪು ಹೇಳುತ್ತದೆ. ಆರೂವರೆ ಇರಬಹುದು, ಏಳು ಇರಬಹುದು. ವಾಚು ಹಿಡಿದದ್ದು ನಿಜ, ಅದರ ಗಾಜು ಒಡೆದಿದ್ದುದು ನಿಜ.

ಆ ರಸ್ತೆಗೆ ಟಾರು ಹಾಕುತ್ತಾರೆ ಎಂದು ಗೊತ್ತಾದ ವರ್ಷ ಬೆಂಗಳೂರಿನ ಮೋಟಾರ್ ಕ್ಲಬ್ಬೊಂದು ಅಲ್ಲಿ ಕೊನೆಯ ಸಲ ರ‍್ಯಾಲಿ ನಡೆಸಿತು. ಅವತ್ತು ನಾನು ಅವರ ಜೊತೆ ಕೆರೆ ಏರಿಯ ಮೇಲಿದ್ದೆ. ಈ ಕಾಲದ ದೊಡ್ಡ ಚಾಲಕ ಎಂದು ಎಲ್ಲರೂ ಒಪ್ಪಿದ್ದ ಒಬ್ಬ ಬಿಳಿಯ ಕಾರಿನಲ್ಲಿ ಬಂದ. ಹೊಸ ಕಾರು, ಹೊಸ ಟೈರು, ಸೆಕೆಂಡಿನ ಚೂರನ್ನೂ ಬಿಡದ ಎಲೆಕ್ಟ್ರಾನಿಕ್ ಗಡಿಯಾರ. ಬಂದದ್ದು ಆರು ನಿಮಿಷ ನಲವತ್ತಾರು ಸೆಕೆಂಡು. ಪುಟ್ಟಣ್ಣನಿಗಿಂತ ಐದು ಸೆಕೆಂಡು ಹೆಚ್ಚು.

ಮೇಸ್ತ್ರಿ ಕುಣಿಯಲಿಲ್ಲ. ಬಿಳಿ ಕಾರಿನ ಚಕ್ರದ ಬಳಿ ಕೂತರು, ವಾಸನೆ ನೋಡಿದರು, ಎದ್ದು ಬಂದು ಆ ಚಾಲಕನ ಮುಖ ನೋಡಿದರು. “ಒಳ್ಳೇ ಡ್ರೈವರ್ರು ಸಾರ್. ಏನೂ ಸುಟ್ಟಿಲ್ಲ. ಟಿಪ್ಪರುಗಳು ರೋಡು ಹಾಳ್ಮಾಡಿರೋದೂ ಲೆಕ್ಕಕ್ಕೆ ತಗೋಬೇಕು,” ಎಂದರು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದಿದ್ದರು. ಗುಂಡಿಗಳಿಗೆ ಹೆದರಿ ಹಿಡಿದರೆಂದು ಆಗ ಅಂದುಕೊಂಡಿದ್ದೆ.

ಮರುವಾರ ನನ್ನನ್ನು ಕೂರಿಸಿ, ಕಬ್ಬಿಣದ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಎರಡು ಚೀಟಿ. ಒಂದರಲ್ಲಿ ಪುಟ್ಟಣ್ಣ ಗುಡಿಯಿಂದ ಹೊರಟ ಸಮಯ, ಕೂಟಗಲ್ಲಿನ ಪೋಸ್ಟ್‌ಮನ್ ಬರೆದದ್ದು. ಇನ್ನೊಂದರಲ್ಲಿ ಏರಿ ಮುಟ್ಟಿದ ಸಮಯ, ಮೇಸ್ತ್ರಿ ಬರೆದದ್ದು. ಅವತ್ತು ಗಡಿಯಾರ ತರಬೇಕಿದ್ದ ಕ್ಲಬ್ಬಿನ ಜೀಪು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ರ‍್ಯಾಲಿ ನಿಲ್ಲಬಾರದೆಂದು ಇವರಿಬ್ಬರೂ ತಮ್ಮ ಕೈಗಡಿಯಾರಗಳಲ್ಲೇ ಸಮಯ ಹಿಡಿದಿದ್ದರು. ಕ್ಲಬ್ಬಿನವರು ಅದನ್ನು ದಾಖಲೆಗೆ ಸೇರಿಸಿಕೊಂಡಿರಲಿಲ್ಲ.

“ಈಗ ಕ್ಲಬ್ಬಿನೋರು ಒಂದು ಪುಸ್ತಕ ಮಾಡ್ತಾವ್ರಂತೆ. ಆ ಕಾಲದಿಂದ ಈ ಕಾಲದ ತಂಕ ಯಾರ್ ಯಾರು ದೊಡ್ಡ ಡ್ರೈವರ್ರು ಅಂತ. ಪುಟ್ಟಣ್ಣನ ಹೆಸರು ಅದ್ರಲ್ಲಿ ಬರ್ಬೇಕು. ಇಂಗ್ಲಿಷ್ನಲ್ಲಿ ಒಂದು ಕಾಗದ ಬರ್ಕೊಡಿ. ಅವನ ಹೆಂಡ್ತಿಗೆ ಹೇಳ್ಬುಟ್ಟಿವ್ನಿ, ಪುಸ್ತಕ ತಂದ್ಕೊಡ್ತೀನಿ ಅಂತ.”

ನಾನು ಪೆನ್ನು ತೆಗೆದೆ. ಬರೆಯುವ ಮೊದಲು ಕೇಳಿದೆ, “ಎರಡು ವಾಚೂ ಒಂದೇ ಸಮಯ ತೋರಿಸ್ತಿದ್ದವು ಅನ್ನೋದು ಹೇಗೆ ಗೊತ್ತು?”

“ಬೆಳಿಗ್ಗೆ ಸೈರನ್ ಕೂಗ್ತದಲ್ಲ ಸಾರ್. ಕೂಗಿದ ತಕ್ಷಣ ಅವನು ಅಲ್ಲಿ, ನಾನು ಇಲ್ಲಿ, ಇಬ್ರೂ ಎಂಟು ಗಂಟೆಗೆ ಇಟ್ಕಂಡೊ. ಮೊದ್ಲೇ ಮಾತಾಗಿತ್ತು.”

ನಾನು ಪೆನ್ನು ಕೆಳಗಿಟ್ಟೆ. ಆಗ ನನಗಾದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ತಪ್ಪು ಕಂಡುಹಿಡಿದವನ ಸಂತೋಷ.

ಒಂದು ಹಳೇ ಬಿಲ್ಲಿನ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದೆ. ಒಂದು ತುದಿಯಲ್ಲಿ ಗುಡಿ, ಇನ್ನೊಂದು ತುದಿಯಲ್ಲಿ ಏರಿ, ಮಧ್ಯೆ ನೇರವಾಗಿ ನಾಲ್ಕು ಕಿಲೋಮೀಟರು. ಗುಡಿಯ ಆಚೆ ಬದಿಗೆ, ಗೆರೆಯ ಹೊರಗೆ, ಒಂದು ಚುಕ್ಕಿ ಇಟ್ಟೆ, ಅದು ಸೈರನ್. ಸದ್ದು ತಕ್ಷಣ ಬರುವುದಿಲ್ಲ ಮೇಸ್ತ್ರಿ, ನಡೆದು ಬರುತ್ತದೆ ಎಂದೆ. ಉದಾಹರಣೆ ಹುಡುಕುತ್ತಿರುವಾಗ ಅವರೇ ಹೇಳಿದರು:

“ಹೌದಲ್ಲ. ಗಣಿಯಲ್ಲಿ ಮೊದ್ಲು ಹೊಗೆ ಕಾಣ್ತದೆ. ಡಂ ಅನ್ನೋದು ಆಮೇಲೆ.”

“ಅದೇ. ಗುಡಿ ಹತ್ತಿರ ಇದ್ದ ಪೋಸ್ಟ್‌ಮನ್ನಿಗೆ ಸೈರನ್ ಮೊದಲು ಕೇಳಿತು. ಏರಿ ಮೇಲಿದ್ದ ನಿಮಗೆ ಹನ್ನೆರಡು ಸೆಕೆಂಡು ತಡವಾಗಿ ಕೇಳಿತು. ನೀವು ಎಂಟು ಗಂಟೆ ಅಂತ ಇಟ್ಟಾಗ ನಿಜವಾಗಿ ಎಂಟಾಗಿ ಹನ್ನೆರಡು ಸೆಕೆಂಡು ಆಗಿತ್ತು. ನಿಮ್ಮ ವಾಚು ಅಷ್ಟು ಹಿಂದೆ. ಹಿಂದಿದ್ದ ವಾಚು ನೋಡಿ ಬರೆದದ್ದರಿಂದ ಪುಟ್ಟಣ್ಣ ಅಷ್ಟು ಬೇಗ ಬಂದ ಹಾಗೆ ಕಾಣಿಸ್ತು. ಅವನ ನಿಜವಾದ ಸಮಯ ಆರು ನಿಮಿಷ ಐವತ್ತಮೂರು ಸೆಕೆಂಡು.”

ಅವರು ಗೋಡೆಯ ಕಡೆ ನೋಡಿದರು. ಮನಸ್ಸಿನಲ್ಲೇ ಕೂಡಿ ಕಳೆದರು. “ಅಂದ್ರೆ ಬಿಳಿ ಕಾರಿನೋರು ಮೇಲೆ.”

“ಏಳು ಸೆಕೆಂಡು.”

“ಇಷ್ಟು ವರ್ಷ ನಾನು ಸುಳ್ಳು ಹೇಳ್ಕಂಡು ಬಂದ್ನಾ ಸಾರ್?”

“ಸುಳ್ಳಲ್ಲ ಮೇಸ್ತ್ರಿ, ತಪ್ಪು.”

ಈ ವ್ಯತ್ಯಾಸದಿಂದ ಅವರಿಗೆ ಸಮಾಧಾನವಾಗುತ್ತದೆಂದು ನಾನು ತಿಳಿದಿದ್ದೆ. ಅವರು ಆ ಬಿಲ್ಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಚುಕ್ಕಿಯನ್ನು ನೋಡಿದರು. ಏನೋ ಕೇಳಲು ಬಾಯಿ ತೆರೆದರು ಎಂದು ನೆನಪು. ಕೇಳಿದರೋ ಇಲ್ಲವೋ ಗೊತ್ತಿಲ್ಲ. ನಾನು ಆಗಲೇ ಪುಟ್ಟಣ್ಣನ ಮಾತು ಬಿಟ್ಟು ಬೆಳಕಿನ ವೇಗದ ಬಗ್ಗೆ ಶುರುಮಾಡಿದ್ದೆ.

ಕಾಗದ ಬರೆಯಲಿಲ್ಲ. ಬರೆಯಬೇಡಿ ಎಂದು ಅವರೇ ಅಂದರು. ಮುಂದಿನ ಸಲ ಹೋದಾಗ ಗೋಡೆಯ ಮೇಲಿನ ಹೆಸರುಗಳಿದ್ದ ಜಾಗಕ್ಕೆ ಸುಣ್ಣ ಬಳಿದಿತ್ತು. ಕಾರ್ಖಾನೆಯ ಹುಡುಗರು “ಏನ್ ಮೇಸ್ತ್ರಿ, ಪುಟ್ಟಣ್ಣ ರಿಟೈರಾ?” ಎಂದು ರೇಗಿಸಿದರು. “ಊಂ ಕಣ್ಲಾ, ವಯಸ್ಸಾಯ್ತು,” ಎಂದರು. ನನ್ನ ಮೇಲೆ ಬೇಸರ ತೋರಿಸಲಿಲ್ಲ. ಚಹಾ ಮೊದಲಿನಂತೆಯೇ ತರಿಸುತ್ತಿದ್ದರು. ಆದರೆ ಯಾರ ಮೇಲೆ ಯಾರು ಎಂಬ ಮಾತು ಬಂದಾಗಲೆಲ್ಲ ಎದ್ದು ಯಾವುದಾದರೂ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಓಡಿಸುವ ಆ ಆಟವನ್ನು ಮತ್ತೆ ನೋಡಲಿಲ್ಲ. ಒಮ್ಮೆ ನಾನೇ ಕೇಳಿದಾಗ, “ಮರ್ತೋಯ್ತು ಸಾರ್. ಟಾರು ಬಿದ್ಮೇಲೆ ಹುಣಸೆಮರಾನೇ ಕಡ್ದವ್ರೆ,” ಎಂದರು.

ಅದೇ ವರ್ಷ ನಾನು ಆ ಕೆಲಸ ಬಿಟ್ಟೆ. ಬೇರೆ ಜಿಲ್ಲೆ, ಬೇರೆ ಕಾಲೇಜು, ಅದನ್ನೂ ಬಿಟ್ಟೆ. ಎಲ್ಲೂ ಕಾಲು ನಿಲ್ಲದ ಸ್ವಭಾವ. ಎರಡು ವರ್ಷದ ಮೇಲೆ ಅವರ ತಿಥಿಯ ಕಾರ್ಡು ನನ್ನ ಹಳೆಯ ವಿಳಾಸ ಸುತ್ತಿಕೊಂಡು ಬಂದು ಹೇಗೋ ಸಮಯಕ್ಕೆ ತಲುಪಿತು. ಕೆಲಸ ಮಾಡುತ್ತಿದ್ದಾಗಲೇ ಎದೆನೋವು ಬಂದು, ಆಸ್ಪತ್ರೆ ಸೇರುವ ಮೊದಲೇ ಹೋದರಂತೆ.

ಹನ್ನೊಂದನೇ ದಿನದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಒಬ್ಬ ಮುದುಕರು. ಮಾತಿಗೆ ಮಾತು ಬೆಳೆದು, ಇವರೇ ಕೂಟಗಲ್ಲಿನ ಆ ಪೋಸ್ಟ್‌ಮನ್ ಎಂದು ತಿಳಿಯಿತು. ಗುಡಿಯ ಹತ್ತಿರ ಪುಟ್ಟಣ್ಣನಿಗೆ ಬಾವುಟ ಬೀಸಿದವರು. ನಾನು ಮರ್ಯಾದೆಗಾಗಿ ಕೇಳಿದೆ, “ರಾಮನಗರದ ಸೈರನ್ ನಿಮಗೆ ಅಷ್ಟು ದೂರ ಸ್ಪಷ್ಟವಾಗಿ ಕೇಳ್ತಿತ್ತಾ?”

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ರಾಮನಗರದ್ದು ಎಲ್ಲಪ್ಪ ಕೇಳ್ತದೆ? ಮಧ್ಯ ಅಷ್ಟ್ ದೊಡ್ಡ ಬೆಟ್ಟ ಇಟ್ಕಂಡು? ನಾವು ಇಟ್ಕಂಡಿದ್ದು ಮಾಗಡಿ ಪುರಸಭೆದು.”

ಎಲೆಯ ಮೇಲೆ ಸಾರು ಹರಿದು ಅಂಚಿಗೆ ಹೋಗುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ರಾಮನಗರದಲ್ಲಿ. ಅಪ್ಪ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿದ್ದರು. ಅದರ ಸೈರನ್ನಿಗೆ ಏಳುತ್ತಿದ್ದೆವು, ಅದರ ಸೈರನ್ನಿಗೆ ಉಣ್ಣುತ್ತಿದ್ದೆವು. ಚಳಿಗಾಲದ ಬೆಳಿಗ್ಗೆ ಅದು ಕೂಟಗಲ್ ಆಚೆಗೂ ಕೇಳುತ್ತದೆ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಮೇಸ್ತ್ರಿ ಸೈರನ್ ಎಂದಾಗ ನನಗೆ ಬೇರೆ ಸೈರನ್ ಹೊಳೆಯಲೇ ಇಲ್ಲ. ಎಲ್ಲವನ್ನೂ ಅನುಮಾನಿಸುವ ನಾನು ಅಪ್ಪನ ಆ ಮಾತನ್ನು ಅನುಮಾನಿಸಿರಲಿಲ್ಲ. ಯಾವ ಊರಿನ ಸೈರನ್ ಎಂದು ಕೇಳದೆ ಚುಕ್ಕಿ ಇಟ್ಟೆ.

ಮಾಗಡಿ ಏರಿಗೆ ಹತ್ತಿರ, ಗುಡಿಗೆ ದೂರ. ಅಂದರೆ ಹನ್ನೆರಡು ಸೆಕೆಂಡು ಹಿಂದಿದ್ದದ್ದು ಏರಿಯ ಮೇಲಿನ ಮೇಸ್ತ್ರಿಯ ವಾಚಲ್ಲ, ಗುಡಿಯ ಹತ್ತಿರ ಇದ್ದ ಪೋಸ್ಟ್‌ಮನ್ನರ ವಾಚು. ಪುಟ್ಟಣ್ಣ ನಿಜವಾಗಿ ಹೊರಟದ್ದಕ್ಕಿಂತ ಹನ್ನೆರಡು ಸೆಕೆಂಡು ಮೊದಲೇ ಹೊರಟಂತೆ ಚೀಟಿ ಹೇಳಿತ್ತು. ಅವನ ಸಮಯಕ್ಕೆ ಹನ್ನೆರಡು ಸೇರಿಸಬೇಕಿರಲಿಲ್ಲ, ಕಳೆಯಬೇಕಿತ್ತು. ಆರು ನಿಮಿಷ ಇಪ್ಪತ್ತೊಂಬತ್ತು. ಬಿಳಿ ಕಾರಿಗಿಂತ ಐದಲ್ಲ, ಹದಿನೇಳು ಸೆಕೆಂಡು ಮುಂದೆ. ಮೇಸ್ತ್ರಿ ಹೇಳಿಕೊಂಡು ಬಂದದ್ದಕ್ಕಿಂತಲೂ ಪುಟ್ಟಣ್ಣ ದೊಡ್ಡವನಾಗಿದ್ದ.

“ಅವನು ನಿಮ್ಗೆ ಹೇಳ್ಲಿಲ್ವಾ, ಮಾಗಡಿದು ಅಂತ?” ಪೋಸ್ಟ್‌ಮನ್ ಕೇಳಿದರು.

ಹೇಳಿದ್ದರೇ? ಬಾಯಿ ತೆರೆದದ್ದು ಅದಕ್ಕೇ ಇರಬಹುದು. ಅಥವಾ ಓದಿದವನು ಇಟ್ಟ ಚುಕ್ಕಿ ತಪ್ಪಿರಲಾರದು, ಸದ್ದು ಎಲ್ಲಿಂದ ಬಂದರೂ ಲೆಕ್ಕ ಒಂದೇ ಇರಬೇಕು ಎಂದುಕೊಂಡು ಸುಮ್ಮನಾದರೋ. ನನಗೆ ಗೊತ್ತಿಲ್ಲ. ಆ ಮಧ್ಯಾಹ್ನವನ್ನು ನೂರು ಸಲ ತಿರುಗಿಸಿ ನೋಡಿದ್ದೇನೆ. ಒಂದು ಸಲ ಅವರು ಕೇಳುತ್ತಾರೆ, ಇನ್ನೊಂದು ಸಲ ಕೇಳುವುದಿಲ್ಲ.

ಕೈ ತೊಳೆದು ಒಳಗೆ ಹೋಗಿ ಮೇಸ್ತ್ರಿಯ ಹೆಂಡತಿಯ ಮುಂದೆ ಕೂತೆ. ಆಯಮ್ಮನೇ ಮಾತಾಡಿದರು. “ನೀವು ಆ ಲೆಕ್ಕ ಹೇಳಿದ ದಿನ ನಮ್ಮೋರು ಬಂದು ಮನೇಲಿ ಉಣ್ಲಿಲ್ಲ. ಮಾರನೇ ವಾರ ಎಡೆ ಹಬ್ಬ, ಪುಟ್ಟಣ್ಣಂಗೆ ಎಡೆ ಇಕ್ಕೋ ದಿನ. ಕೆಂಪಾಪುರಕ್ಕೆ ಹೋಗಿ ಪುಟ್ಟಣ್ಣನ ಹೆಂಡ್ತಿಗೆ ತಪ್ಪಾಯ್ತು ಅಂತ ಹೇಳ್ಬುಟ್ಟು ಬಂದ್ರು. ಯಾಕೆ ಬೇಕಿತ್ತು, ಸುಮ್ನಿರ್ಬೋದಿತ್ತಲ್ಲ ಅಂದೆ. ಇಷ್ಟು ವರ್ಷ ಆ ಮನೇಲಿ ಆ ಮಾತು ಹೇಳ್ಕಂಡೇ ಉಂಡಿವ್ನಿ ಕಣೆ ಅಂದ್ರು.”

ಮರುದಿನ ಬೆಳಿಗ್ಗೆ ನಾನು ಕೆಂಪಾಪುರದ ಬಸ್ಸು ಹತ್ತಿದೆ.

ಪುಟ್ಟಣ್ಣನ ಹೆಂಡತಿ ಜಗುಲಿಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಒರಗಿಸಿಕೊಂಡು ರೇಷ್ಮೆಗೂಡು ಬಿಡಿಸುತ್ತಿದ್ದರು. ಯಾರೆಂದು ಹೇಳಿದೆ. ಕೈ ನಿಲ್ಲಿಸದೆ, “ಕೂತ್ಕೊಳಪ್ಪ,” ಎಂದರು. ನಾನು ಸೈರನ್ನು, ಚುಕ್ಕಿ, ಎರಡು ಗಡಿಯಾರ, ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಮೇಸ್ತ್ರಿಯದಲ್ಲ ಎಂದೆ. ಪುಟ್ಟಣ್ಣನೇ ಎಲ್ಲರಿಗಿಂತ ಮುಂದೆ ಎಂದೆ. ಅವರು ಪೂರ್ತಿ ಕೇಳಿದರು.

“ನಮ್ಮೆಜಮಾನ್ರು ಯಾವತ್ತೂ ಟೈಮ್ ಕೇಳ್ದೋರಲ್ಲ,” ಎಂದರು ಕೊನೆಗೆ. “ಆ ವಯ್ಯನಿಗೇ ಅದು ಹುಚ್ಚು. ಪ್ರತಿ ವರ್ಷ ಎಡೆ ಹಬ್ಬಕ್ಕೆ ಬಂದು, ಬೀಡಿ ಕಟ್ಟು ತಂದು ಎಡೆ ಮುಂದೆ ಇಟ್ಟು, ಉಂಡು, ಸಂಜೆ ಗಂಟ ಕೂತು ನಮ್ಮೆಜಮಾನ್ರ ಮಾತಾಡ್ಬುಟ್ಟು ಹೋಗೋರು. ನಂಗೆ ಅವತ್ತೊಂದಿನ ಮನೇಲಿ ಜನ ಇದ್ದಂಗೆ. ಆ ಸಲ ಬಂದೋರು ಹೊಸಿಲ ಆಚೇನೇ ನಿಂತು, ತಪ್ಪು ಹೇಳ್ಬುಟ್ಟಿದ್ದೆ ಅಕ್ಕ ಅಂದು ಹೊಂಟೋದ್ರು. ಉಣ್ಣೋಕೂ ಬರ್ಲಿಲ್ಲ. ಹೋದ ವರ್ಷ ಎಲೆ ಹಾಕಿ ಕಾದೆ. ಬರ್ಲಿಲ್ಲ.” ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಬುಟ್ಟಿಗೆ ಹಾಕಿದರು. “ಟೈಮಿಗೆ ಅಂತ ಅವ್ರನ್ನ ಕರೀತಿದ್ನಾ ನಾನು?”

ನೆಲಕ್ಕೆ ಬಿದ್ದಿದ್ದ ಒಂದು ಗೂಡನ್ನು ಎತ್ತಿ ನಾನೂ ಬುಟ್ಟಿಗೆ ಹಾಕಿದೆ.

“ಈಗ ನೀನು ಹೇಳಿದ್ದು,” ಎಂದು ಮೊದಲ ಸಲ ನನ್ನ ಮುಖ ನೋಡಿದರು, “ಅವ್ರಿಗೆ ಗೊತ್ತಾಯ್ತಾ, ಹೋಗೋಕ್ ಮುಂಚೆ?”

“ಗೊತ್ತಾಯ್ತು,” ಎಂದೆ.

“ಯಾರ್ ಹೇಳಿದ್ರು?”

“ನಾನೇ. ಹೋಗಿ ಹೇಳ್ದೆ.”

“ಏನಂದ್ರು?”

“ನಕ್ಕರು.”

“ನಗ್ತಾರೆ ಅವ್ರು,” ಎಂದು ಮತ್ತೆ ಗೂಡು ಬಿಡಿಸತೊಡಗಿದರು. ಆಮೇಲೆ ರಾಗಿಮುದ್ದೆ ಬಡಿಸಿದರು, ಉಂಡೆ.

ಇದಾಗಿ ಕೆಲವು ತಿಂಗಳಾಗಿವೆ. ಇತ್ತೀಚೆಗೆ ನನಗೊಂದು ದೃಶ್ಯ ಕಾಣುತ್ತದೆ. ನಾನು ಹೊಂಗೆಮರದಡಿ ಸ್ಕೂಟರು ನಿಲ್ಲಿಸುತ್ತೇನೆ. ಅವರು ಕಾರಿನ ಕೆಳಗಿನಿಂದ ಹೊರಗೆ ಬರುತ್ತಾರೆ, ವೇಸ್ಟಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾರೆ. ಮಾಗಡಿಯ ಸೈರನ್ ಅಂತೆ ಮೇಸ್ತ್ರಿ, ಹದಿನೇಳು ಸೆಕೆಂಡು ಎಂದು ನಾನು ಹೇಳುತ್ತೇನೆ. ಅವರು ತಲೆ ಹಿಂದಕ್ಕೆ ಹಾಕಿ ನಗುತ್ತಾರೆ. ತಗಡಿನ ತೂತಿನಿಂದ ಬಿಸಿಲು ಅವರ ಕುತ್ತಿಗೆಯ ಮೇಲೆ ಬಿದ್ದಿರುತ್ತದೆ. ಪೆಟ್ರೋಲಿನ ವಾಸನೆ ಕೂಡ ಇರುತ್ತದೆ. ನಾನು ನಿಜವಾಗಿ ನೋಡಿದ ಯಾವ ದೃಶ್ಯವೂ ಇಷ್ಟು ಸ್ಪಷ್ಟವಾಗಿಲ್ಲ, ಮತ್ತು ದಿನದಿನಕ್ಕೆ ಇದು ಇನ್ನೂ ಸ್ಪಷ್ಟವಾಗುತ್ತಿದೆ. ಇನ್ನು ಕೆಲವು ವರ್ಷಗಳಲ್ಲಿ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಅದೂ ನಂಬಿಕೊಂಡೇ ಹೇಳುತ್ತೇನೆ.

ಆದ್ದರಿಂದ ಇನ್ನೂ ಗೊತ್ತಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ಹೋಗಲಿಲ್ಲ. ಹೇಳಲಿಲ್ಲ. ಅವರಿಗೆ ಗೊತ್ತಾಗಲಿಲ್ಲ.